ಹೆಸರಿಡಲು ಹೊರಟವಳಿಗೆ ಸಿಕ್ಕ ಕಾರು

ನೆಲೋಗಿ ದಾಟುತ್ತಿದ್ದಂತೆ ಬಸ್ಸು ಕೆಟ್ಟು ನಿಂತಿತು. ಜೇವರ್ಗಿಯಲ್ಲಿ ಅಣ್ಣನ ಮಗಳ ತೊಟ್ಟಿಲ ಕಾರ್ಯ. ಸೋದರತ್ತೆಯಾದ ನಾನೇ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು. ಕಂಡ ಗಾಡಿಗಳಿಗೆಲ್ಲ ಕೈಮಾಡುತ್ತಿದ್ದಾಗ, ಉದ್ದ ಮೂತಿಯ, ನೆಲಕ್ಕೆ ಅಂಟಿಕೊಂಡಂತಿದ್ದ ಹಸಿರು ಕಾರೊಂದು ಗುಡುಗುಡು ಎನ್ನುತ್ತ ಬಂದು ನಿಂತಿತು. ಓಡಿಸುತ್ತಿದ್ದವರು ಬೆಳ್ಳಿಗೂದಲಿನ ಹೆಂಗಸು. ಸೊನ್ನ ಬ್ಯಾರೇಜ್ ನೋಡಿಕೊಂಡು ಜೇವರ್ಗಿ ಮೇಲೆಯೇ ಕಲಬುರಗಿಗೆ ಹೊರಟಿದ್ದರು.

ಅವರ ತಂದೆಯ ಕಾಲದ ಕಾರಂತೆ. ಎಲ್ಲೂ ಒಂದು ಗೀರಿಲ್ಲ. ಮಿರಿಮಿರಿ ಮಿಂಚುವ ಚರ್ಮದ ಸೀಟಿನಲ್ಲಿ ಹೆದರುತ್ತಲೇ ಕುಳಿತೆ.

"ಗಾಡಿ ಇಂಗ್ಲೆಂಡಿಂದ್ರಿ, ಎಂಜಿನ್ ಅಮೆರಿಕಾದ್ದು," ಎಂದರು.

"ಎಷ್ಟ್ ದೂರದ ಬೀಗತನ್ರಿ! ಆದ್ರೂ ಸಂಸಾರ ಚಲೋ ನಡದದ ನೋಡ್ರಿ," ಎಂದೆ.

ಅವರು ನಗುತ್ತ ಎಕ್ಸಲರೇಟರ್ ಒತ್ತಿದರು. ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು.

ಅಣ್ಣನ ಮನೆ ಮುಂದೆ ಇಳಿದದ್ದೇ ತಡ, ತೊಟ್ಟಿಲ ಸುತ್ತ ಇದ್ದವರೆಲ್ಲ ಕಾರಿನ ಸುತ್ತ ಸೇರಿದರು. ಮಗುವಿನ ಬಳಿ ಉಳಿದವರು ಅತ್ತಿಗೆಯೊಬ್ಬರೇ! ಓಡಿಹೋಗಿ ಕಿವಿಯಲ್ಲಿ ಹೆಸರು ಹೇಳಿದೆ. ಊಟಕ್ಕೆ ಕರೆಯೋಣವೆಂದು ಹೊರಗೆ ಬರುವಷ್ಟರಲ್ಲಿ ಕಾರು ಹೊರಟುಹೋಗಿತ್ತು.

ಮಗುವಿಗೆ ಹೆಸರಿಟ್ಟ ಖುಷಿಯಲ್ಲೇ ಒಂದು ಪೇಚೂ ಉಳಿದಿದೆ. ನನ್ನನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಿದ ಆ ತಾಯಿಯ ಹೆಸರನ್ನೇ ನಾನು ಕೇಳಿರಲಿಲ್ಲ.