ದೇವದುರ್ಗವನ್ನು ತಂಪು ಮಾಡಿದ ಅರಿವೆ

ಮಣ್ಣಿನ ಕೊಡಕ್ಕೆ ಒದ್ದೆ ಅರಿವೆ ಸುತ್ತಿದರೆ ನೀರು ತಣ್ಣಗಾಗುತ್ತದೆಂದು ನಮ್ಮ ರಾಯಚೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಮಿತ್ರರೇ. ಬೇಸಿಗೆಯಲ್ಲಿ ನಾನೂ ಪ್ರತಿ ಮುಂಜಾನೆ ಈ ಸೇವೆ ಮಾಡುತ್ತೇನೆ. ಆದರೆ ಅರಿವೆ ಹಿಂಡುವಾಗ ಕೈ ಒಂದು ಗಳಿಗೆ ತಡೆಯುತ್ತದೆ. ಇಂಥದೇ ಒಂದು ತುಂಡು ಅರಿವೆಯಿಂದ ಇಡೀ ದೇವದುರ್ಗವನ್ನು ತಂಪು ಮಾಡಿದ ಆಸಾಮಿ ನಾನು.

ಏಳೆಂಟು ವರ್ಷದ ಹಿಂದೆ, ಎಂಬತ್ತರ ದಶಕದ ಆರಂಭದಲ್ಲಿ, ನಾನು ಅಲ್ಲಿಯ ಕಚೇರಿಯೊಂದರಲ್ಲಿ ಗುಮಾಸ್ತ. ಅಂಗಳದ ಬೇವಿನ ಮರಕ್ಕೆ ತೂಗುಹಾಕಿದ್ದ ಉಷ್ಣಮಾಪಕವನ್ನು ಮಧ್ಯಾಹ್ನ ನೋಡಿ, ಅಂಕಿಯನ್ನು ರಾಯಚೂರಿನ ಜಿಲ್ಲಾ ಕಚೇರಿಗೆ ತಿಳಿಸುವುದು ನನ್ನ ಕೆಲಸ. ಅದೇ ಮರದ ಬುಡದಲ್ಲಿ ಯಲ್ಲವ್ವನೆಂಬ ಮುದುಕಿ ಕೊಡ ಇಟ್ಟುಕೊಂಡು, ಬಸ್ಸಿಳಿದು ಬಂದವರಿಗೆಲ್ಲ ನೀರು ಕೊಡುತ್ತಿದ್ದಳು. ಒಂದು ವರ್ಷ ಆ ಅಂಗಳದಲ್ಲೇ ಸಸಿ ನೆಡುವ ಸಮಾರಂಭ ನಿಗದಿಯಾಯಿತು. ಅತಿಥಿಗಳಿಗೆ ಬಿಡುವಿದ್ದದ್ದು ಏಪ್ರಿಲ್‌ನಲ್ಲಿ ಮಾತ್ರವಾದ್ದರಿಂದ ಮುಹೂರ್ತವೂ ಸುಡುಬಿಸಿಲಿಗೇ ಬಿತ್ತು. ಪೆಂಡಾಲಿಗೆ ಬೇವಿನ ಮರ ಅಡ್ಡವಾಯಿತು. ಸಸಿ ನೆಡುವ ಸಲುವಾಗಿ ಮರ ಕಡಿಯಬೇಕೆಂಬ ಟಿಪ್ಪಣಿಯನ್ನು, ನಾಚಿಕೆಯಿಂದಲೇ ಹೇಳುತ್ತೇನೆ, ನನ್ನ ದುಂಡನೆಯ ಅಕ್ಷರದಲ್ಲಿ ನಾನೇ ಬರೆದೆ. ಆ ಕಟ್ಟಿಗೆಯಲ್ಲೇ ಅತಿಥಿಗಳ ಅಡುಗೆ ಬೆಂದಿತು. ನೆರಳಿನ ಮಹಿಮೆಯ ಭಾಷಣ ಕೇಳುತ್ತ ನಾವೆಲ್ಲ ಬೆವರಿದೆವು.

ಮರದಲ್ಲಿದ್ದ ಉಷ್ಣಮಾಪಕ ಈಗ ಕಚೇರಿಯ ತಗಡಿನ ಗೋಡೆಗೆ ಬಂತು, ಪಾದರಸ ಜಿಗಿಯಿತು. ನಮ್ಮ ಸಾಹೇಬರು ಕಂಗಾಲಾದರು.

“ಗಿಡ ಹಚ್ಚಿದ ಮ್ಯಾಲೆ ಬಿಸಲು ಹೆಚ್ಚಾತು ಅಂತ ಹ್ಯಾಂಗ ಬರೀತೀರಿ? ಏನರ ಮಾಡ್ರಿ” ಎಂದರು.

ರಾಯಚೂರು ಸೀಮೆಯವನು ಏನು ಮಾಡಬೇಕೋ ಅದನ್ನೇ ಮಾಡಿದೆ. ಮರ ಹೋದರೂ ಅಲ್ಲೇ ಕೂತಿದ್ದ ಯಲ್ಲವ್ವನ ಕೊಡದ ಅರಿವೆಯನ್ನು ಬಿಚ್ಚಿ, ಅವಳದೇ ನೀರಿನಲ್ಲಿ ಅದ್ದಿ, ಉಷ್ಣಮಾಪಕಕ್ಕೆ ಸುತ್ತಿದೆ. ಪಾದರಸ ವಿಧೇಯವಾಗಿ ಇಳಿಯಿತು. ಸಸಿಗಳ ಪ್ರಭಾವ ಇಷ್ಟು ಬೇಗ ಕಂಡದ್ದಕ್ಕೆ ರಾಯಚೂರಿನಿಂದ ಪ್ರಶಂಸೆ ಬಂತು. ಬೆರಗಾದ ಮಾನ್ವಿಯ ಗುಮಾಸ್ತನೊಬ್ಬ ಬಸ್ಸು ಹತ್ತಿ ನೋಡಲು ಬಂದ. ಬಾಡಿದ ಸಸಿಗಳನ್ನು ಕಂಡು ಅವನು ಪೆಚ್ಚಾದಾಗ, ಗುಟ್ಟಾಗಿ ಅರಿವೆಯನ್ನು ತೋರಿಸಿದೆ. ವಾರದೊಳಗೆ ಮಾನ್ವಿಯೂ ತಂಪಾಯಿತು.

ಆಗ ಯಲ್ಲವ್ವ ತಂಬಿಗೆ ಹಿಡಿದು ನನ್ನ ಮೇಜಿನ ಮುಂದೆ ಬಂದಳು.

“ಯಪ್ಪಾ, ನನ್ನ ಅರಿವಿ ಕೊಡು. ನೀರು ಕಾದಾವ. ಯಾರೂ ನಿಂದ್ರವಲ್ರು. ನಾಳಿಗಿ ಕೊಡ ಎತ್ಕೊಂಡು ಹೋಗಿಬಿಡ್ತೀನಿ.”

“ಊರು ತಂಪಾಗ್ಯದಲ್ಲ ಯವ್ವಾ” ಎಂದು ನಗಿಸಲು ನೋಡಿದೆ.

“ಯಾರಿಗಿ ತಂಪಾಗ್ಯದ?” ಎನ್ನುತ್ತ ತಂಬಿಗೆ ಮುಂದೆ ಹಿಡಿದಳು.

ಕುಡಿದೆ. ಸ್ನಾನಕ್ಕೆ ಕಾಯಿಸಿದಂತಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಅರಿವೆಯನ್ನು ಬಿಚ್ಚಿ ಕೊಡಕ್ಕೆ ಸುತ್ತಿ, ಅಂದಿನ ನಿಜವಾದ ಅಂಕಿಯನ್ನು ಬರೆದು ಕಳಿಸಿದೆ. ಉಷ್ಣಮಾಪಕ ಕೆಟ್ಟಿದೆ, ತೆಗೆದುಹಾಕಿರಿ ಎಂದು ರಾಯಚೂರಿನಿಂದ ಉತ್ತರ ಬಂತು. ಹಾಗೆ ಅದು ನಮ್ಮ ಮನೆಯ ಗೋಡೆ ಸೇರಿತು.

ಈಚೆಗೆ ಭೂಮಿಯೇ ಬಿಸಿಯಾಗುತ್ತಿದೆಯೆಂದು ರೇಡಿಯೋದಲ್ಲಿ ಕೇಳಿದೆ. ಕಲ್ಲಿದ್ದಲಿನ ಹೊಗೆ, ಮೋಟಾರುಗಳ ಹೊಗೆ, ಕಡಿದ ಕಾಡು ಇವೇ ಕಾರಣವಂತೆ; ಹೊಗೆ ಇಳಿಸಬೇಕಂತೆ, ಮರ ಉಳಿಸಬೇಕಂತೆ. ಕಲ್ಲಿದ್ದಲಿನ ಕರೆಂಟಿನಿಂದ ತಿರುಗುವ ಫ್ಯಾನಿನ ಕೆಳಗೆ ಕೂತು ಕೇಳಿದ ನಾನು, ಎದ್ದು ಫ್ಯಾನ್ ಆರಿಸಿದೆ. ಐದು ನಿಮಿಷಕ್ಕೆ ಮತ್ತೆ ಹಾಕಿದೆ. ಲೋಕದ ದೊಡ್ಡವರೂ ಈಗ ಸಭೆ ಸೇರುತ್ತಾರಂತೆ. ಅವರು ಯಾರ ಕೊಡದ ಅರಿವೆ ಬಿಚ್ಚುತ್ತಾರೋ ಎಂದು ನನಗೆ ಭಯ.

ಹೋದ ತಿಂಗಳು ದೇವದುರ್ಗಕ್ಕೆ ಹೋಗಿದ್ದೆ. ಅಂದಿನ ಸಸಿಗಳಲ್ಲಿ ಉಳಿದದ್ದು ಒಂದೇ ಬೇವು. ತಂಬಿಗೆ ತೊಳೆದ ನೀರನ್ನು ಯಲ್ಲವ್ವ ದಿನಾ ಅದರ ಬುಡಕ್ಕೆ ಚೆಲ್ಲಿದ್ದಳಂತೆ. ನೆರಳು ಇನ್ನೂ ಒಬ್ಬರಿಗಾಗುವಷ್ಟೇ ಇತ್ತು. ಅಲ್ಲಿ ಕೊಡವನ್ನು ಕೂರಿಸಿ ತಾನು ಬಿಸಿಲಲ್ಲಿ ಕೂತಿದ್ದಳು.

ಈಗ ನಾನೂ ಅರಿವೆ ಹಿಂಡಿದ ನೀರನ್ನು ನಮ್ಮ ಅಂಗಳದ ಬೇವಿನ ಸಸಿಗೆ ಸುರಿಯುತ್ತೇನೆ. ಒದ್ದೆ ಕೈಯಲ್ಲಿ ಉಷ್ಣಮಾಪಕವನ್ನು ಮಾತ್ರ ಮುಟ್ಟುವುದಿಲ್ಲ.