ತೆಗೆದುಹಾಕಿದ ಮೂರು ಪುಟ

ಆಲೂರಿನ ಹೈಸ್ಕೂಲಿನಲ್ಲಿ ಸಮಾಜಪಾಠ ಮಾಡುತ್ತಿದ್ದ ಗ್ರೆಟ್ಟಾ ಟೀಚರ್ ದೈವಶಾಸ್ತ್ರದ ಪ್ರಬಂಧಗಳನ್ನು ಬರೆಯುತ್ತಾರೆಂದು ಸ್ಟಾಫ್ ರೂಮಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹರೆಯದಲ್ಲಿ ಕೆಲವು ವರ್ಷ ಅವರು ಕಾನ್ವೆಂಟಿನಲ್ಲಿದ್ದರು. ಕೊನೆಯ ವ್ರತ ತೆಗೆದುಕೊಳ್ಳುವ ಮುಂಚೆ, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ತಂದೆ ತೀರಿಕೊಂಡರು. ತಾಯಿ ಕಾರ್ಮಿಣ್‌ಬಾಯಿಯನ್ನು ನೋಡಿಕೊಳ್ಳಲು ಬೆಳಗೋಡಿಗೆ ಬಂದ ಗ್ರೆಟ್ಟಾ ಮತ್ತೆ ಹಿಂದಿರುಗಲಿಲ್ಲ. ಬಿ.ಎಡ್. ಮಾಡಿದರು, ಕೆಲಸ ಸಿಕ್ಕಿತು, ಮದುವೆಯ ಮಾತು ಬಂದು ಹೋಯಿತು. ಕಾನ್ವೆಂಟಿನಲ್ಲಿ ಹತ್ತಿದ ಓದಿನ ರುಚಿ ಮಾತ್ರ ಬಿಡಲಿಲ್ಲ.

ಪಾದ್ರಿಗಳನ್ನು ತಯಾರು ಮಾಡುವ ಬೆಂಗಳೂರಿನ ಗುರುಮಠವೊಂದರಿಂದ ಇಂಗ್ಲಿಷಿನಲ್ಲಿ ಒಂದು ದೈವಶಾಸ್ತ್ರದ ಪತ್ರಿಕೆ ಹೊರಡುತ್ತಿತ್ತು. ಅದಕ್ಕೆ ಅವರು ಕಳಿಸಿದ ಮೊದಲ ಬರಹ ವಾಪಸು ಬಂತು. ಭಕ್ತಿ ಇದೆ, ಆಧಾರಗಳಿಲ್ಲ ಎಂದು ಸಂಪಾದಕರು ಬರೆದಿದ್ದರು. ಗ್ರೆಟ್ಟಾ ಬೇಸರ ಮಾಡಿಕೊಳ್ಳಲಿಲ್ಲ. ಬೇಸಿಗೆ ರಜೆಯಲ್ಲಿ ಮಂಗಳೂರಿಗೆ ಹೋಗಿ, ಪರಿಚಯದ ಪಾದ್ರಿಯೊಬ್ಬರ ಮಾತಿನ ಮೇಲೆ ಅಲ್ಲಿನ ಲೈಬ್ರರಿಯಲ್ಲಿ ಕೂತು ಟಿಪ್ಪಣಿ ಮಾಡಿಕೊಂಡರು. ಎರಡನೆಯ ಬರಹಕ್ಕೆ ಅಡಿಟಿಪ್ಪಣಿಗಳೇ ಅರ್ಧ ಪುಟ ಹಿಡಿದವು. ಅದೂ ವಾಪಸು ಬಂತು. ಆದರೆ ಈ ಸಲ ಇನ್ನೊಂದನ್ನು ಕಳಿಸಿ ಎಂದಿದ್ದರು.

ಮೂರನೆಯದಕ್ಕೆ ಅವರು ಆರಿಸಿಕೊಂಡ ವಿಷಯ, ಕ್ರೈಸ್ತ ದೀಕ್ಷೆಯ ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಶಿಶುಗಳ ಗತಿ. ಅದು ಅವರ ಮನೆಯದೇ ವಿಷಯ. ಗ್ರೆಟ್ಟಾ ಇನ್ನೂ ಪುಟ್ಟ ಮಗುವಾಗಿದ್ದಾಗ ಕಾರ್ಮಿಣ್‌ಬಾಯಿಗೆ ಒಂದು ಗಂಡುಮಗು ಹುಟ್ಟಿ, ಜ್ಞಾನಸ್ನಾನಕ್ಕೆ ಮುಂಚೆಯೇ ತೀರಿಹೋಗಿತ್ತು ಎಂಬುದಷ್ಟೇ ಅವರಿಗೆ ತಿಳಿದಿತ್ತು. ತಾಯಿ ಆ ಮಾತು ಎತ್ತಿದವರಲ್ಲ.

ಒಂದು ಭಾನುವಾರ ಮಧ್ಯಾಹ್ನ ಗ್ರೆಟ್ಟಾ ಕೇಳಿಯೇಬಿಟ್ಟರು. ಕಾರ್ಮಿಣ್‌ಬಾಯಿ ಮೊರದಲ್ಲಿ ಮೆಣಸು ಆರಿಸುತ್ತಿದ್ದರು. ಮಂಗಳೂರಿನ ಕಡೆಯಿಂದ ಮದುವೆಯಾಗಿ ಬಂದ ಅವರ ನಾಲಿಗೆಗೆ ಎಸ್ಟೇಟಿನ ಕೂಲಿ ಲೈನಿನ ಹೆಂಗಸರ ಕನ್ನಡ ಕೊಂಕಣಿಗಿಂತ ಚೆನ್ನಾಗಿ ಹತ್ತಿತ್ತು.

"ಈಗ್ಯಾಕೆ ಅದು?" ಅಂದರು.

"ಬರೀಬೇಕು ಅಂತಿದೀನಿ ಅಮ್ಮ. ಪಾದ್ರಿಗಳು ಓದೋ ಪುಸ್ತಕದಲ್ಲಿ."

ಕಾರ್ಮಿಣ್‌ಬಾಯಿ ಮೊರ ಕೆಳಗಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು. ಹೆರಿಗೆ ಕಷ್ಟದ್ದಾಗಿತ್ತು. ಗಂಡ ಪಾದ್ರಿಯನ್ನು ಕರೆತರಲು ಸಕಲೇಶಪುರಕ್ಕೆ ಹೋಗಿದ್ದರು. ತುರ್ತಿನಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದೆಂದು ಅವರಿಗೆ ಗೊತ್ತಿತ್ತು, ಆದರೆ ಮೈಮೇಲೆ ಎಚ್ಚರವಿರಲಿಲ್ಲ. ಇದ್ದವಳು ಲೈನಿನ ಸೂಲಗಿತ್ತಿ ಈರಮ್ಮ ಒಬ್ಬಳೇ.

"ಈರಮ್ಮ ಬಿಸಿನೀರಲ್ಲಿ ತೊಳ್ದು, ನಿಮ್ ದೇವ್ರೇ ಕಾಪಾಡ್ಲಿ ಅಂತ ತಲೆ ಮೇಲೆ ನೀರು ಹುಯ್ದ್ಲಂತೆ. ಆಮೇಲೆ ಅವಳೇ ಹೇಳಿದ್ಲು. ನಿಮ್ಮಪ್ಪ ಬರೋ ಹೊತ್ಗೆ ಹೋಗ್ಬುಟ್ಟಿತ್ತು ಕಣೇ. ಅವಳು ಹುಯ್ದಿದ್ದು ಲೆಕ್ಕಕ್ಕಿಲ್ಲ ಅಂದ್ರು ಪಾದ್ರಿ. ಒಳ್ಗೆ ಜಾಗ ಇಲ್ಲ ಅಂತ ಸ್ಮಶಾನದ ಗೋಡೆ ಆಚೆ ಇಟ್ರು. ಇನಾಸ್ ಅಂತ ಹೆಸ್ರು ಇಟ್ಕಂಡಿದ್ದೆ. ಯಾರ್ಗೂ ಹೇಳಿಲ್ಲ."

ಆ ಪ್ರಬಂಧವನ್ನು ಗ್ರೆಟ್ಟಾ ಮಳೆಗಾಲವಿಡೀ ಬರೆದರು. ಸಂತರು ಏನೆಂದರು, ಚರ್ಚಿನ ಮಹಾಸಭೆಗಳು ಏನೆಂದವು, ಎಲ್ಲ ಇತ್ತು. ನಡುವೆ ಮೂರು ಪುಟ ಇನಾಸನದು. ಶಿಲುಬೆಯ ಗುರುತು ಮಾಡಲೂ ಬಾರದ ಹೆಂಗಸೊಬ್ಬಳು ಸಾಯುವ ಮಗುವನ್ನು ದೇವರಿಗೆ ಒಪ್ಪಿಸಿ ನೀರು ಹೊಯ್ದರೆ, ಆ ನೀರನ್ನು ಏನೆಂದು ಕರೆಯಬೇಕು ಎಂದು ಅಲ್ಲಿ ಕೇಳಿದ್ದರು. ಸಕಲೇಶಪುರದ ಟೈಪಿಂಗ್ ಅಂಗಡಿಯ ಚಂದ್ರಿಕಾ ಬೆರಳಚ್ಚು ಮಾಡಿಕೊಟ್ಟಳು.

ಉತ್ತರ ಬೇಗ ಬಂತು. ಪ್ರಬಂಧ ಚೆನ್ನಾಗಿದೆ, ಪ್ರಕಟಿಸುತ್ತೇವೆ. ಆದರೆ ನಡುವಿನ ಮೂರು ಪುಟ ಸ್ವಂತ ಅನುಭವ, ಶಾಸ್ತ್ರದ ಚರ್ಚೆಗೆ ಅದು ಆಧಾರವಾಗದು. ತೆಗೆದು ಕಳಿಸಿ.

ಗ್ರೆಟ್ಟಾ ಒಂದು ವಾರ ಆ ಪತ್ರವನ್ನು ಬ್ಯಾಗಿನಲ್ಲಿಟ್ಟುಕೊಂಡೇ ಬಸ್ಸಿನಲ್ಲಿ ಓಡಾಡಿದರು. ಇಷ್ಟು ವರ್ಷ ಕಾದ ಬಾಗಿಲು ತೆರೆದಿತ್ತು. ಮೂರು ಪುಟ ಹೋದರೂ ವಾದ ಉಳಿಯುತ್ತದೆ, ವಾದವೇ ಮುಖ್ಯ ಎಂದು ತಮಗೆ ತಾವೇ ಹೇಳಿಕೊಂಡರು. ಕೊನೆಗೆ ಚಂದ್ರಿಕಾಳ ಮುಂದೆ ಕೂತು, ಇಲ್ಲಿಂದ ಇಲ್ಲಿವರೆಗೆ ಬೇಡ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದರು.

"ಇದು ಚೆನ್ನಾಗಿತ್ತಲ್ಲ ಮೇಡಂ," ಅಂದಳು ಚಂದ್ರಿಕಾ.

"ಅವರಿಗೆ ಬೇಡವಂತೆ."

ಪತ್ರಿಕೆ ಬಂದ ದಿನ ಗ್ರೆಟ್ಟಾ ಅದನ್ನು ಸೆರಗಿನಲ್ಲಿ ಒರೆಸಿ ತಾಯಿಯ ಕೈಗಿತ್ತರು. ಇಂಗ್ಲಿಷ್ ಬಾರದ ಕಾರ್ಮಿಣ್‌ಬಾಯಿ ಮಗಳ ಹೆಸರಿನ ಮೇಲೆ ಕೈಯಾಡಿಸಿದರು. ಆಮೇಲೆ ತಲೆಯ ಮೇಲೆ ಸೆರಗು ಹೊದ್ದು, ಪೂಜೆಯಲ್ಲಿ ಸುವಾರ್ತೆ ಕೇಳುವಾಗ ಕೂರುವ ಹಾಗೆ ಕೂತರು.

"ಓದು."

ಗ್ರೆಟ್ಟಾ ಒಂದೊಂದೇ ವಾಕ್ಯವನ್ನು ಕನ್ನಡ ಮಾಡುತ್ತ ಓದಿದರು. ಓದುತ್ತ ಹೋದಂತೆ ಅವರ ದನಿ ಸಣ್ಣದಾಯಿತು. ಇಂಥ ಶಿಶುಗಳನ್ನು ದೇವರು ಕೈಬಿಡನೆಂದು ಆಶಿಸಲು ಕಾರಣಗಳಿವೆ ಎಂಬಲ್ಲಿಗೆ ಪ್ರಬಂಧ ಮುಗಿಯಿತು.

"ಆಯ್ತಾ?" ಅಂದರು ಕಾರ್ಮಿಣ್‌ಬಾಯಿ.

"ಆಯ್ತು."

"ಇನಾಸಂದು ಬರ್ಲಿಲ್ವಲ್ಲ. ಈರಮ್ಮಂದೂ ಬರ್ಲಿಲ್ಲ."

"ತೆಗೀಬೇಕು ಅಂದ್ರಮ್ಮ. ಇಲ್ದಿದ್ರೆ ಹಾಕ್ತಿರ್ಲಿಲ್ಲ. ನಾನೇ ತೆಗೆದೆ."

ಕಾರ್ಮಿಣ್‌ಬಾಯಿ ತಲೆಯ ಮೇಲಿನ ಸೆರಗನ್ನು ಇಳಿಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

"ಅಲ್ಲೂ ಗೋಡೆ ಆಚೆನೇ ಇಟ್ರಾ ಹಂಗಾದ್ರೆ," ಅಂದರು. ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಆ ವಾರವೇ ಗ್ರೆಟ್ಟಾ ಮೂರು ಪುಟಗಳನ್ನಷ್ಟೇ ಬೇರೆ ಬರಹವೆಂದು ಪತ್ರಿಕೆಗೆ ಕಳಿಸಿದರು. ನಾವು ನೆನಪಿನ ಬರಹ ಹಾಕುವುದಿಲ್ಲ ಎಂಬ ಸೌಜನ್ಯದ ಉತ್ತರ ಬಂತು. ಬೆಳಗೋಡಿನ ಪಾದ್ರಿ ಡೇನಿಯಲ್ ಅವರ ಬಳಿ ಹೋಗಿ, ಇನಾಸನ ಹೆಸರು ಹೇಳಿ ಒಂದು ಪೂಜೆ ಇಡುತ್ತೀರಾ ಎಂದು ಕೇಳಿದರು. ಅವರು ಕೂಡಲೇ ಒಪ್ಪಿದರು. ಈಗ ಅದಕ್ಕೆಲ್ಲ ಅಡ್ಡಿಯೇನಿಲ್ಲ ಟೀಚರ್ ಅಂದರು. ಆ ಬೆಳಿಗ್ಗೆ ಕಾರ್ಮಿಣ್‌ಬಾಯಿ ಮೊಣಕಾಲು ನೋವೆಂದು ಮಂಚದಿಂದ ಏಳಲಿಲ್ಲ. ಇಗರ್ಜಿಯಲ್ಲಿ ಹೆಸರು ಕೇಳಿಸಿಕೊಂಡವರು ಗ್ರೆಟ್ಟಾ ಒಬ್ಬರೇ.

ಎರಡು ವರ್ಷದ ಮೇಲೆ ಪತ್ರಿಕೆಗೆ ಹೊಸ ಸಂಪಾದಕರು ಬಂದರು. ಗ್ರಾಮೀಣ ವಿಶ್ವಾಸಿಗಳ ಬದುಕಿನ ಮೇಲೆ ವಿಶೇಷ ಸಂಚಿಕೆ ತರುತ್ತಿದ್ದೇವೆ, ನಿಮ್ಮ ಬರಹ ಬೇಕು, ಸ್ವಂತ ಅನುಭವವಿದ್ದರೆ ಇನ್ನೂ ಒಳ್ಳೆಯದು ಎಂದು ಅವರು ಬರೆದರು. ಗ್ರೆಟ್ಟಾ ಪತ್ರ ಹಿಡಿದು ತಾಯಿಯ ಮಂಚದ ಬಳಿ ಕೂತರು. ಕಾರ್ಮಿಣ್‌ಬಾಯಿ ಆಗ ಹಾಸಿಗೆ ಹಿಡಿದಿದ್ದರು.

"ಅಮ್ಮ, ಈಗ ಹಾಕ್ತಾರಂತೆ. ಇನ್ನೊಂದ್ಸಲ ಹೇಳು. ಇನಾಸ್ ಹೆಂಗಿದ್ದ?"

ಕಾರ್ಮಿಣ್‌ಬಾಯಿ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು.

"ಮರ್ತೋಯ್ತು ಕಣೇ," ಅಂದರು.

ನಿಜವಾಗಿ ಮರೆತಿದ್ದರೋ, ಹೇಳಲು ಮನಸ್ಸಿರಲಿಲ್ಲವೋ ಗ್ರೆಟ್ಟಾಗೆ ತಿಳಿಯಲಿಲ್ಲ. ಮತ್ತೆ ಕೇಳುವ ಧೈರ್ಯವೂ ಬರಲಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಮುಂಜಾನೆ, ಮಗಳು ಕಾಫಿ ಬಿಸಿ ಮಾಡುತ್ತಿದ್ದಾಗ ಕಾರ್ಮಿಣ್‌ಬಾಯಿ ತೀರಿಕೊಂಡರು.

ಸಂಪಾದಕರ ಪತ್ರಕ್ಕೆ ಉತ್ತರ ಕೊಡುವುದು ಉಳಿದಿತ್ತು. ಪರೀಕ್ಷೆಯ ಕೆಲಸವಿದೆ, ಬರೆಯಲಾಗುವುದಿಲ್ಲ, ಕ್ಷಮಿಸಿ ಎಂದು ಗ್ರೆಟ್ಟಾ ಒಂದು ಕಾರ್ಡಿನಲ್ಲಿ ಬರೆದು, ಶಾಲೆಗೆ ಹೋಗುವ ದಾರಿಯಲ್ಲಿ ಅಂಚೆಗೆ ಹಾಕಿದರು.