ಪದವಿ ದಿನದ ಮುಖ

ತಾಂಡ್ಯದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ನನಗೆ ಕೆಲಸ. ನಂಜನಗೂಡಿನ ಬಾಡಿಗೆ ಮನೆಯಿಂದ ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ. ದಾರಿಯುದ್ದಕ್ಕೂ ಲಾರಿ, ಲಾರಿಯ ಹಿಂದೆ ಧೂಳು, ಮೇಲೆ ಬಿಸಿಲು. ಬಿಸಿಲಿಗೆಂದು ಸನ್‌ಸ್ಕ್ರೀನ್ ಹಚ್ಚಿಕೊಳ್ಳುವ ಅಭ್ಯಾಸ ಮಾಡಿಕೊಂಡೆ. ಸಂಜೆ ಬಂದು ಸೋಪು ಹಾಕಿ ಮುಖ ತೊಳೆದರೆ ಸನ್‌ಸ್ಕ್ರೀನ್ ಅರ್ಧ ಹೋಗುತ್ತಿತ್ತು, ಚರ್ಮದ ಪಸೆ ಮಾತ್ರ ಪೂರ್ತಿ ಹೋಗುತ್ತಿತ್ತು. ಟವೆಲಿನಲ್ಲಿ ಒರೆಸಿಕೊಂಡರೆ ಕಂದು ಗುರುತು. ಕೆನ್ನೆ ಉರಿಯುತ್ತಿತ್ತು, ಮೂಗಿನ ಅಕ್ಕಪಕ್ಕ ಮಂಕು ಕವಿದಿತ್ತು.

ಮುಖ ತೊಳೆಯುವುದು ಬರೆಯುವಂಥ ವಿಷಯವೇ ಎಂದು ಕೇಳುವವರು ಇರುತ್ತಾರೆ. ಅವರ ಮನೆಯಲ್ಲಿ ಮುಖಕ್ಕೆ ಬೇರೆ ಸೋಪು ಇದ್ದಿರಬೇಕು. ನಮ್ಮಲ್ಲಿ ಬಟ್ಟೆ ಒಗೆದು ಸವೆದ ಬಾರ್ ಸೋಪಿನ ತುಂಡೇ ಮೈಗೂ, ಮುಖಕ್ಕೂ. ತಿ. ನರಸೀಪುರದ ಆಚೆ ನಮ್ಮ ಹಳ್ಳಿ. ಅವ್ವ ಕಂಡವರ ಗದ್ದೆಯಲ್ಲಿ ನಾಟಿ ಹಾಕಿ, ಕಳೆ ಕಿತ್ತು ನನ್ನನ್ನು ಬಿ.ಎಸ್ಸಿ. ಮಾಡಿಸಿದಳು. ನಮ್ಮ ಬೀದಿಯಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಮುಖದ ವಿಷಯ ಕೇಳಲು ನನಗಿದ್ದವಳು ಒಬ್ಬಳೇ ಗೆಳತಿ. ನಂಜನಗೂಡಿನ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವಳದು ಊರಿನೊಳಗಿನ ಮನೆ, ನನ್ನದು ಹಾಸ್ಟೆಲು. ಹಾಸ್ಟೆಲಿನ ಊಟ ಸೇರದ ದಿನ ಅವಳ ಡಬ್ಬಿಯ ಉಪ್ಪಿಟ್ಟು ನನ್ನದಾಗುತ್ತಿತ್ತು. ಹಾಸ್ಟೆಲಿನ ಒಬ್ಬಳು ನನ್ನನ್ನು ಎಲ್ಲರೆದುರು "ಕರಿಯವ್ವ" ಎಂದು ಕೂಗಿದಾಗ ಜಡೆ ಹಿಡಿದು ಎಳೆದು ಕ್ಷಮೆ ಕೇಳಿಸಿದವಳು ಇವಳೇ. ಕೊನೆಯ ವರ್ಷ ಒಂದು ಪೇಪರ್ ಹೋಯಿತು, ಅವಳು ಮತ್ತೆ ಕಟ್ಟಲಿಲ್ಲ. ಬ್ಯೂಟಿಷಿಯನ್ ಕೋರ್ಸ್ ಮಾಡಿ, ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಹಡಿಯ ಮೇಲೆ ಪಾರ್ಲರ್ ಇಟ್ಟಳು. ಆದರೂ ಕಾಲೇಜಿನಲ್ಲಿ ಪದವಿ ಕೊಟ್ಟ ದಿನ ಹೊಸ ಸೀರೆ ಉಟ್ಟು ಬಂದಿದ್ದಳು, ನನಗಾಗಿ. ಬಾಡಿಗೆಯ ಕಪ್ಪು ಗೌನ್ ಹಾಕಿಕೊಂಡು ನಾನು ಗೇಟಿನ ಮುಂದೆ ಬಿಸಿಲಿನಲ್ಲಿ ನಿಂತಿದ್ದೆ. ಅವಳು ತನ್ನ ಫೋನಿನಲ್ಲಿ ಫೋಟೊ ತೆಗೆದಳು. ಅದೇ ಫೋಟೊಗೆ ಕಟ್ಟು ಹಾಕಿಸಿ ಅವ್ವ ಊರ ಮನೆಯ ಗೋಡೆಗೆ ತೂಗುಹಾಕಿದ್ದಾಳೆ.

ಪಾರ್ಲರಿಗೆ ಹೋಗಿ ನನ್ನ ಕಷ್ಟ ಹೇಳಿದೆ.

"ನಿಂಗೆ ಬೇಕಿರೋದು ಕ್ಲೆನ್ಸಿಂಗ್ ಆಯಿಲ್" ಎಂದಳು.

"ಸನ್‌ಸ್ಕ್ರೀನ್ ಜಿಡ್ಡಿಗೆ ಮತ್ತೆ ಎಣ್ಣೆನಾ?"

"ಬಿ.ಎಸ್ಸಿ. ಓದಿರೋಳು ನೀನು. ಜಿಡ್ಡನ್ನ ಕರಗಿಸೋದು ಯಾವುದು ಹೇಳು?"

"ಜಿಡ್ಡೇ."

"ಮತ್ತೆ? ಬರೀ ನೀರಲ್ಲಿ ಉಜ್ಜಿದ್ರೆ ನಿನ್ ಸನ್‌ಸ್ಕ್ರೀನು ನಿನ್ನ ನೋಡಿ ನಗುತ್ತೆ ಅಷ್ಟೆ."

ನಾಲ್ಕು ಬಾಟಲಿ ತಂದು ಮುಂದಿಟ್ಟಳು. ಯಾರೋ ಹೇಳಿದರೆಂದು ತೆಗೆದುಕೊಳ್ಳುವ ಜಾತಿ ನನ್ನದಲ್ಲ. ಅವಳ ಕಾಡಿಗೆ ಇಸಿದುಕೊಂಡು ನನ್ನ ಮುಂಗೈ ಮೇಲೆ ನಾಲ್ಕು ಗೆರೆ ಎಳೆದೆ, ಒಂದೊಂದಕ್ಕೆ ಒಂದೊಂದು ಎಣ್ಣೆ ಬಿಟ್ಟೆ.

"ಇಲ್ಲೂ ಲ್ಯಾಬ್ ಶುರು ಮಾಡಿದ್ಯಾ?" ಎಂದು ನಕ್ಕಳು. "ಕೈ ಒಣಗಿರ್ಲಿ. ಮೊದಲೇ ನೀರು ತಾಗಿಸಿದ್ರೆ ಕೆಲಸ ಮಾಡಲ್ಲ. ಚೆನ್ನಾಗಿ ಉಜ್ಜು, ಆಮೇಲೆ ನೀರು."

ನೀರು ತಾಗಿದ ಕೂಡಲೇ ಎಣ್ಣೆ ಹಾಲಿನಂತೆ ಬೆಳ್ಳಗಾಗಿ ಕಾಡಿಗೆಯನ್ನು ಎತ್ತಿಕೊಂಡು ಹೋಯಿತು. ಮೊದಲನೆಯದು ತೊಳೆದ ಮೇಲೂ ಅಂಟು ಉಳಿಸಿತು. ಎರಡನೆಯದಕ್ಕೆ ಕಿತ್ತಳೆ ಹಣ್ಣಿನ ಘಾಟು, ಚರ್ಮ ಚುರುಗುಟ್ಟಿತು. ಮೂರನೆಯದೂ ನಾಲ್ಕನೆಯದೂ ಅಕ್ಕಿ ತೌಡಿನ ಎಣ್ಣೆಯಿಂದ ಮಾಡಿದ್ದು. ಎರಡೂ ಗೆರೆಯನ್ನು ಸ್ವಚ್ಛವಾಗಿ ತೆಗೆದವು, ಎರಡೂ ಕೈಯನ್ನು ಮೆತ್ತಗೆ ಬಿಟ್ಟವು. ವ್ಯತ್ಯಾಸ ಒಂದೇ: ನಾಲ್ಕನೆಯದರ ಮೇಲೆ ವಿಟಮಿನ್ ಸಿ ಎಂದೂ, ದೊಡ್ಡ ಅಕ್ಷರದಲ್ಲಿ ಬ್ರೈಟನಿಂಗ್ ಎಂದೂ ಇತ್ತು.

"ಒಂದು ನಿಮಿಷ ಹಚ್ಚಿ ತೊಳೆದುಬಿಡೋದರಲ್ಲಿ ವಿಟಮಿನ್ ಏನು ಮಾಡುತ್ತೆ?" ಎಂದೆ.

"ಬ್ರೈಟ್ ಅಂದ್ರೆ ಬೆಳ್ಳಗಾಗೋದಲ್ಲ ಕಣೇ. ಕೊಳೆ ಹೋದ್ರೆ ಇರೋ ಬಣ್ಣಾನೇ ಹೊಳೆಯುತ್ತೆ. ನಿನ್ ಬಣ್ಣಕ್ಕೇನಾಗಿದೆ? ಬೆಳ್ಳಗಾಗೋ ಕ್ರೀಮ್ ಕೇಳ್ಕೊಂಡು ಬಂದಿದ್ರೆ ಒದ್ದು ಕಳಿಸ್ತಿದ್ದೆ."

ಆ ಮಾತು ನನಗೆ ಎಷ್ಟು ಹಿತವಾಯಿತೆಂದರೆ ನಾಲ್ಕನೆಯ ಬಾಟಲಿಯನ್ನೇ ತೆಗೆದುಕೊಂಡೆ. ಅವಳೇ ಕುರ್ಚಿಯಲ್ಲಿ ಕೂರಿಸಿ ಮುಖ ತೊಳೆದುಕೊಟ್ಟಳು. ಆಮೇಲೆ ದುಂಡನೆಯ ದೀಪದ ಮುಂದೆ ನಿಲ್ಲಿಸಿ, "ನಗು, ಸುಮ್ನೆ ನೆನಪಿಗೆ" ಎಂದು ಒಂದು ಫೋಟೊ ಹಿಡಿದಳು.

ಎಣ್ಣೆ ಹೇಳಿದ ಕೆಲಸ ಮಾಡಿತು. ಸಂಜೆ ಒಣ ಮುಖಕ್ಕೆ ಎಣ್ಣೆ, ಮೇಲೆ ನೀರು, ಕೊನೆಗೆ ಸ್ವಲ್ಪ ಫೇಸ್‌ವಾಶ್. ಟವೆಲಿನ ಕಂದು ಗುರುತು ನಿಂತಿತು, ಕೆನ್ನೆಯ ಉರಿ ನಿಂತಿತು. ಮುಖದ ಮಂಕು ಹೋಯಿತು, ಬಣ್ಣ ಇದ್ದಲ್ಲೇ ಇತ್ತು. ಲ್ಯಾಬಿನ ಹುಡುಗಿಯರಿಗೂ ಅವಳ ಪಾರ್ಲರಿನ ದಾರಿ ಹೇಳಿದೆ.

ಮದುವೆಗಳ ಕಾಲ ಶುರುವಾಗಿತ್ತು. ಒಂದು ದಿನ ಬೆಳಗಿನ ಶಿಫ್ಟ್ ಮುಗಿಸಿ ಬಂದರೆ ಅವ್ವ ಬಾಗಿಲಲ್ಲಿ ಕೂತಿದ್ದಳು. ಚೀಲದಲ್ಲಿ ಅವರೆಕಾಳು. ಬಸ್ಸಿನಿಂದ ಇಳಿದು ನಡೆದು ಬಂದ ದಣಿವು ಮುಖದಲ್ಲಿ ಇರಲಿಲ್ಲ.

"ನಿನ್ ಪೋಟ ಆಕವ್ರೆ ಕಣ್ ಮಗ, ಬಸ್ಟ್ಯಾಂಡ್ ತಾವ" ಎಂದಳು.

"ಯಾವ ಫೋಟೊನವ್ವ?"

"ಕರೀ ನಿಲುವಂಗಿ ಇಕ್ಕೊಂಡು ನಿಂತಿದ್ಯಲ್ಲ, ನಮ್ ಗ್ವಾಡೆ ಮ್ಯಾಲಿರದು. ಅದೇಯ. ಪಾಸಾದ ಮಕ್ಳುದು ದೊಡ್ಡದಾಗಿ ಆಕ್ತಾರಲ್ಲ, ಅಂಗೆ ಆಕವ್ರೆ. ಪಕ್ದಲ್ಲಿ ಇನ್ನೊಂದು ಬಿಳೀ ಉಡ್ಗಿ ಅದೆ. ನೀನು ಪಸ್ಟು, ಅವ್ಳು ಸೆಕೆಂಡು ಇರ್ಬೇಕು."

ನಮ್ಮ ಕಡೆ ಟ್ಯೂಷನ್ನಿನವರು, ಕಾಲೇಜಿನವರು ಅಂಕ ತೆಗೆದ ಮಕ್ಕಳ ಮುಖವನ್ನು ಫ್ಲೆಕ್ಸಿನಲ್ಲಿ ಸಾಲಾಗಿ ಕಟ್ಟುತ್ತಾರೆ. ಅವ್ವನಿಗೆ ಓದಲು ಬರುವುದಿಲ್ಲ. ಮಗಳ ಮುಖ ಬೀದಿಯಲ್ಲಿ ಕಂಡರೆ ಅದಕ್ಕೆ ಓದಲ್ಲದೆ ಬೇರೆ ಕಾರಣ ಇರಬಹುದೆಂದು ಅವಳಿಗೆ ಹೇಗೆ ಹೊಳೆಯಬೇಕು? ಅಲ್ಲೇ ನಿಂತು ತಂಗಿಗೆ, ಎಂದರೆ ತಲಕಾಡಿನ ಕಡೆ ಇರುವ ನಮ್ಮ ಚಿಕ್ಕವ್ವನಿಗೆ, ಫೋನ್ ಮಾಡಿಬಿಟ್ಟಿದ್ದಳು. ಚಿಕ್ಕವ್ವ ಸೋಮವಾರ ಸೊಸೆಯನ್ನು ಕರೆದುಕೊಂಡು ನೋಡಲು ಬರುವವಳಿದ್ದಳು.

ಸಂಜೆ ಬಸ್ಸು ಹತ್ತಿಸಲು ಸ್ಕೂಟರಿನಲ್ಲಿ ಕರೆದೊಯ್ದಾಗ ಅವ್ವನೇ ಇಳಿದು ನನ್ನ ಕೈಹಿಡಿದು ಅದರ ಮುಂದೆ ನಿಲ್ಲಿಸಿದಳು. ನನ್ನ ಗೆಳತಿಯ ಪಾರ್ಲರಿನ ಮೆಟ್ಟಿಲಿನ ಕಂಬಿಗೆ ಬಿಗಿದ ಫ್ಲೆಕ್ಸು. ಎಡಗಡೆ ನನ್ನ ಪದವಿ ದಿನದ ಮುಖ. ಕತ್ತಿನ ಕೆಳಗೆ ಕತ್ತರಿಸಿದ್ದರೂ ಗೌನಿನ ಕಪ್ಪು ಕೊರಳು, ಹೆಗಲ ಮೇಲಿನ ಕೆಂಪು ಪಟ್ಟಿ ಸ್ವಲ್ಪ ಉಳಿದಿತ್ತು. ಬಲಗಡೆ ದುಂಡು ದೀಪದ ಮುಂದೆ ನಕ್ಕ ನಾನು, ಹಿಟ್ಟಿನಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗೆ, ಮೂಗೂ ಸಣ್ಣ. ಎಡಗಡೆಯದರ ಕೆಳಗೆ "ಮೊದಲು", ಬಲಗಡೆಯದರ ಕೆಳಗೆ "ನಂತರ". ಇಬ್ಬರ ತಲೆಯ ಮೇಲೂ, "ಕಪ್ಪು ಮುಖದ ಚಿಂತೆ ಇನ್ನೇಕೆ?"

"ಏನ್ ಬರ್ದವ್ರೆ, ವಸಿ ಓದು" ಎಂದಳು ಅವ್ವ.

ಆ ಓದು ಬರಲೆಂದು ಅವಳು ಎಷ್ಟು ಗದ್ದೆಯ ಕೆಸರು ತುಳಿದಿದ್ದಾಳೆ. "ಪಾಸಾಗಿರೋದು ಬರೆದವ್ರೆ" ಎಂದೆ.

"ನಾನೇಳ್ನಿಲ್ವಾ" ಎಂದು ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿದಳು.

ಅವಳನ್ನು ನರಸೀಪುರದ ಬಸ್ಸು ಹತ್ತಿಸಿ ತಿರುಗಿ ಬಂದು ಮೆಟ್ಟಿಲು ಹತ್ತಿದೆ. ಗೆಳತಿ ಒಬ್ಬಳೇ ಇದ್ದಳು, ಹತ್ತಿ ಸುರುಳಿ ಕತ್ತರಿಸುತ್ತಿದ್ದಳು.

"ಕೆಳಗೆ ಏನದು?"

"ಮದುವೆ ಸೀಸನ್ ಅಲ್ವೇನೆ, ಒಂದು ಬೋರ್ಡ್ ಇರ್ಲಿ ಅಂತ."

"ಅದು ನನ್ನ ಮುಖ."

"ಯಾರಿಗೆ ಗೊತ್ತಾಗುತ್ತೆ ನೀನಂತ? ಪ್ರಿಂಟ್ ಹಾಕೋನೇ ಇಬ್ರೂ ಅಕ್ಕತಂಗೀರಾ ಮೇಡಂ ಅಂದ" ಎಂದು ನಕ್ಕಳು.

"ನಮ್ಮವ್ವನಿಗೆ ಗೊತ್ತಾಯ್ತು."

ನಗು ನಿಂತಿತು. ಕತ್ತರಿ ಕೆಳಗಿಟ್ಟಳು. "ಕೇಳೋಣ ಅಂತಲೇ ಇದ್ದೆ ಕಣೇ. ನೀನು ಶಿಫ್ಟಲ್ಲಿರ್ತೀಯ..."

"ಬೇರೆ ಯಾರ ಫೋಟೊನೂ ಇರಲಿಲ್ವಾ ನಿನ್ ಹತ್ರ?"

"ಫೋನೆಲ್ಲ ಹುಡುಕ್ದೆ. ಯಾರ್ದೂ ಸರಿ ಬರ್ಲಿಲ್ಲ. ಅವತ್ತು ಬಿಸಿಲಲ್ಲಿ ನಿಂತಿದ್ಯಲ್ಲ, ನಿಂದೇ ಚೆನ್ನಾಗಿ ಕಪ್ಪಾಗಿ ಬಂದಿತ್ತು."

ಸಂತೆಯಲ್ಲಿ ಬದನೆಕಾಯಿ ಆರಿಸಿದವರು ಹೇಳುವ ಹಾಗೆ ಹೇಳಿದಳು. ಅವಳಿಗೆ ಸಿಗದ ಪದವಿಯ ಮೇಲಿನ ಹೊಟ್ಟೆಯುರಿಯಿಂದ ಮಾಡಿದಳು ಎಂದುಕೊಂಡರೆ ನನಗೆ ಸಮಾಧಾನವಾಗುತ್ತಿತ್ತು. ಹೊಟ್ಟೆಯುರಿಯಬೇಕಾದರೆ ನಾನಾದರೂ ಅವಳಿಗೆ ಕಾಣಬೇಕು. ಅವಳ ಕಣ್ಣಿಗೆ ಆ ಫೋಟೊದಲ್ಲಿ ನಾನೂ ಕಂಡಿರಲಿಲ್ಲ, ಗೌನೂ ಕಂಡಿರಲಿಲ್ಲ. ಬೇಕಾದ ಬಣ್ಣ ಕಂಡಿತ್ತು, ಅಷ್ಟೇ. ನನಗಾಗಿ ಜಡೆ ಹಿಡಿದು ಎಳೆದ ಕೈಯೇ ಇದನ್ನು ಆರಿಸಿತ್ತು.

"ನಿನ್ ಬಣ್ಣಕ್ಕೇನಾಗಿದೆ ಅಂದಿದ್ದೆ ನೀನು" ಎಂದೆ.

"ಈಗ್ಲೂ ಅದೇ ಹೇಳ್ತೀನಿ. ನಿಂಗೆ ಹೇಳೋದೇ ಬೇರೆ, ಗಿರಾಕಿಗೆ ಹೇಳೋದೇ ಬೇರೆ. ನಿಂಗೆ ಕೊಟ್ಟ ಎಣ್ಣೆ ಏನಾದ್ರೂ ಸುಳ್ಳಾ?"

"ಎಣ್ಣೆ ಸುಳ್ಳಲ್ಲ."

ಇಳಿದು ಹೋಗಿ ಕಂಬಿಯ ತಂತಿ ಬಿಚ್ಚತೊಡಗಿದೆ. ಅವಳು ಹಿಂದೆಯೇ ಬಂದಳು. ತಡೆಯಲಿಲ್ಲ. "ಕೈ ಕುಯ್ಕೋತೀಯ" ಎಂದು ಕಟಿಂಗ್ ಪ್ಲೇಯರ್ ತಂದುಕೊಟ್ಟಳು. ಇಸಿದುಕೊಂಡೆ. ಫ್ಲೆಕ್ಸು ಸುತ್ತಿಕೊಂಡು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟು ಹೊರಟೆ. ನಾವು ಮಾತಾಡಿದ್ದು ಅದೇ ಕೊನೆ.

ಬೋರ್ಡು ಇಲ್ಲವಾಯಿತು, ಚಿಕ್ಕವ್ವ ಬರುವುದು ನಿಲ್ಲಲಿಲ್ಲ. ಸುಳ್ಳು ಹೇಳಿ ನಿಲ್ಲಿಸಬಹುದಿತ್ತು. ಆದರೆ ಅವ್ವನಿಗೆ ಒಂದು ಸುಳ್ಳನ್ನು ಆಗಲೇ ಓದಿ ಹೇಳಿದ್ದೆ. ಇನ್ನೊಂದಕ್ಕೆ ಮನಸ್ಸು ಬರಲಿಲ್ಲ. ಭಾನುವಾರ ಊರಿಗೆ ಹೋಗಿ, ಜಗಲಿಯ ಮೇಲೆ ಫ್ಲೆಕ್ಸು ಬಿಚ್ಚಿ, ಇದ್ದದ್ದನ್ನು ಇದ್ದಂತೆ ಓದಿದೆ.

"ಮೊದ್ಲು ಅಂದ್ರೆ?"

"ಅವರ ಹತ್ರ ಮುಖ ತೋರಿಸೋಕೆ ಮುಂಚೆ. ಕಪ್ಪಗಿದ್ದಾಗ. ಕೆಟ್ಟದಾಗಿದ್ದಾಗ ಅಂತ ಅರ್ಥ."

ಅವ್ವ ನನ್ನ ಫೋಟೊವನ್ನು ನೋಡಿದಳು. ಒಳಗೆ ಗೋಡೆಯ ಕಡೆ ನೋಡಿದಳು. "ಗೌನಿಕ್ಕಿದ್ ದಿನ್ವಾ ಕೆಟ್ಟದು?" ಎಂದಳು. ನನ್ನ ಕಡೆ ತಿರುಗಿ, "ಮೊನ್ನೆ ಯಾಕಂಗ್ ಓದ್ದೆ?" ಎಂದು ಕೇಳಿದಳು.

"ನೀನು ಖುಷಿಯಾಗಿದ್ದೆ."

"ನನ್ ಬಣ್ಣಾನೇ ಅಲ್ವಾ ಅದು, ನಿಂಗ್ ಬಂದಿರದು. ನಂಗೇಳಕ್ಕೇನು?" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ನಾನು ತಲೆ ತಗ್ಗಿಸಿ ಫ್ಲೆಕ್ಸಿನ ಸುಕ್ಕು ಸರಿಮಾಡುತ್ತ ಕೂತೆ.

ಆಮೇಲೆ ಬಲಗಡೆಯ ಮುಖದ ಮೇಲೆ ಬೆರಳಿಟ್ಟಳು. "ಈ ಉಡ್ಗಿ ಯಾರು? ಅವ್ಳಿಗಾದ್ರೂ ಹೇಳಿ ಆಕವ್ರಾ?"

"ಅದೂ ನಾನೇ ಕಣವ್ವ."

ಬಗ್ಗಿ ನೋಡಿದಳು. ಫ್ಲೆಕ್ಸನ್ನು ಬೆಳಕಿಗೆ ತಿರುಗಿಸಿ ನೋಡಿದಳು. "ಬುಡು ಬುಡು" ಎಂದಳು. "ಎತ್ತೋಳಿಗೆ ಗುರುತು ಸಿಕ್ಕಕ್ಕಿಲ್ವಾ?"

"ಫೋನಲ್ಲಿ ಹಂಗೆ ಬೆಳ್ಳಗೆ ಮಾಡ್ತಾರೆ."

"ಮಾಡ್ಲಿ. ನೀನಲ್ಲ" ಎಂದಳು. ಮುಂದೆ ಮಾತಿಗೆ ಎಡೆ ಕೊಡದೆ ಸೊಂಟದ ಚೀಲದಿಂದ ಫೋನ್ ತೆಗೆದು ನನ್ನ ಕೈಗಿತ್ತಳು, ಚಿಕ್ಕವ್ವನ ನಂಬರು ಒತ್ತಿಕೊಡಲು. ಒತ್ತಿಕೊಟ್ಟೆ. ಅವ್ವ ಹೊಲದ ಆಚೆ ಬದುವಿನಲ್ಲಿರುವವರನ್ನು ಕೂಗುವ ಹಾಗೆ ಗಟ್ಟಿಯಾಗಿ ಮಾತಾಡಿದಳು.

"ನಾಳಿಕೆ ಬರ್ಬ್ಯಾಡ ಕಣವ್ವ. ಪೋಟ ತೆಗುಸ್ಬುಟ್ಟೊ... ಯಾಕಂದ್ರೆ, ನಮ್ಮುನ್ ಕೇಳ್ದೆ ಆಕಿದ್ರು. ಓದಿರೋಳ ಪೋಟವ ಅಂಗೆಲ್ಲ ಕೇಳ್ದೆ ಆಕ್ಬೋದಾ? ಇವ್ಳೇ ಓಗಿ ಬಿಚ್ಕೊಂಡು ಬಂದವ್ಳೆ... ಊಂ... ಪಕ್ದಲ್ಲಿದ್ದ ಬಿಳೀ ಉಡ್ಗಿಯಾ?"

ನನ್ನ ಕಡೆ ನೋಡಿದಳು.

"ಅದ್ಯಾರೋ ಕಣವ್ವ, ನಮ್ಗೊತ್ತಿಲ್ಲ."